ಒಂಟಿತನ: ಹನ್ನೆರಡನೆಯ ಚಿತ್ರ

ನಮ್ಮ ಯಜಮಾನರು ಜಗತ್ತನ್ನು ಪೂರ್ತಿ ಕಣ್ಣು ಬಿಟ್ಟು ನೋಡಿದವರೇ ಅಲ್ಲ. ಚಿತ್ರ ಬರೆಯುವವರು ಕಣ್ಣು ಕಿರಿದು ಮಾಡಿ ನೋಡಬೇಕಂತೆ. ಆಗ ಸಣ್ಣಪುಟ್ಟ ವಿವರಗಳೆಲ್ಲ ಅಳಿಸಿಹೋಗಿ ಬೆಳಕು ನೆರಳಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವಂತೆ. ಇರಬಹುದು. ಆದರೆ ಇವರು ಹಾಗೆ ನೋಡುವುದು ಕ್ಯಾನ್ವಾಸನ್ನು ಮಾತ್ರವಲ್ಲ, ಮನೆಗೆ ಬಂದ ನೆಂಟರನ್ನು, ಜ್ವರ ಬಂದು ಮಲಗಿದ ನನ್ನನ್ನು, ಎಲ್ಲರನ್ನೂ. ಕಲಾಶಾಲೆಯ ಮಕ್ಕಳು ಇವರಿಗೆ ಅರೆಗಣ್ಣು ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಆ ಮಕ್ಕಳಿಗೆ ಅಷ್ಟಾದರೂ ಬುದ್ಧಿಯಿದೆ.

ಹಾಗೆ ಅಳಿಸಿಹೋದವರಲ್ಲಿ ಇವರ ಸ್ವಂತ ಅಕ್ಕ, ಅಂದರೆ ನನ್ನ ಅತ್ತಿಗೆಯೂ ಒಬ್ಬರು. ಗಂಡ ತೀರಿಕೊಂಡ ಮೇಲೆ ಅವರು ನಮ್ಮಲ್ಲಿಗೆ ಬಂದರು. ಬಂದ ವಾರಕ್ಕೇ ಇವರು ಅವರನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ 'ಒಂಟಿತನ' ಎಂಬ ಚಿತ್ರ ಬರೆದರು. ಎಡಮೂಲೆಯಲ್ಲಿ ಒಂದು ಬಾಗಿದ ಬೆನ್ನು, ಉಳಿದದ್ದೆಲ್ಲ ಬೂದು ಗೋಡೆ. ಅದಕ್ಕೆ ಬಹುಮಾನ ಬಂತು. ಬಂದದ್ದೇ ತಪ್ಪಾಯಿತು. ಏಳು ವರ್ಷದಲ್ಲಿ ಹನ್ನೊಂದು ಒಂಟಿತನಗಳಾದವು, ಹನ್ನೊಂದರಲ್ಲೂ ಅತ್ತಿಗೆಗೆ ಮುಖವಿಲ್ಲ. ಮುಖ ಬರೆದರೆ ನೋಡುವವರ ಗಮನ ಅಲ್ಲೇ ನಿಂತು, ಖಾಲಿ ಜಾಗ ಹೇಳುವ ಮಾತು ಯಾರಿಗೂ ಕೇಳಿಸುವುದಿಲ್ಲವಂತೆ.

ನಿಜ ಹೇಳಬೇಕೆಂದರೆ ಅತ್ತಿಗೆಯಷ್ಟು ಮಾತಿನಮಲ್ಲಿ ನಮ್ಮ ಬೀದಿಯಲ್ಲೇ ಇರಲಿಲ್ಲ. ಅರ್ಧ ಬೀದಿಯ ಬಟ್ಟೆ ಹೊಲಿದುಕೊಡುತ್ತಾ ಬಂದವರನ್ನೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಿದ್ದರು. ಅವರು ಒಂಟಿಯಾಗುತ್ತಿದ್ದದ್ದು ತಮ್ಮನ ಮುಂದೆ ಕೂತಾಗ ಮಾತ್ರ.

ಹನ್ನೆರಡನೆಯ ಚಿತ್ರ ಶುರುವಾದ ಹೊತ್ತಿಗೆ ಅವರಿಗೊಂದು ಕಾಗದ ಬಂತು. ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆ ಕೋಣೆಯನ್ನು ನೋಡಿಕೊಳ್ಳುವ ಕೆಲಸ, ಇರಲು ಒಂದು ಕೋಣೆ. ಸೋಮವಾರ ಸಂಜೆಯೊಳಗೆ ಹೋಗಿ ಸೇರದಿದ್ದರೆ ಕೆಲಸ ಬೇರೆಯವರ ಪಾಲು. ಅತ್ತಿಗೆ ತಮ್ಮನಿಗೆ ಮೂರು ಸಲ ಹೇಳಿದರು. ಮೂರು ಸಲವೂ ಒಂದೇ ಉತ್ತರ: "ಈ ಚಿತ್ರ ಮುಗೀಲಿ, ಅಕ್ಕ." ಕಷ್ಟದಲ್ಲಿ ಜಾಗ ಕೊಟ್ಟ ತಮ್ಮನ ಮಾತು ಮೀರಲು ಅವರಿಗೆ ಮನಸ್ಸಿಲ್ಲ. "ನೀನಾದ್ರೂ ಒಂದು ಮಾತು ಹೇಳೇ" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಹೇಳಿದೆನೇ? ಒಳಗೊಳಗೇ ಗಂಡನನ್ನು ಹೀಯಾಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಎದುರಿಗೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಸೋಮವಾರ ಬೆಳಿಗ್ಗೆ ಆರು ಮಂದಿ ಮಕ್ಕಳು ಪಾಠಕ್ಕೆಂದು ನಮ್ಮ ಮನೆಯ ಚಿತ್ರದ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಅತ್ತಿಗೆ ಎಂದಿನಂತೆ ಕುರ್ಚಿಯಲ್ಲಿದ್ದರು. ಆದರೆ ಮೈಮೇಲೆ ಹೊರಗೆ ಹೋಗುವ ಬಟ್ಟೆ, ಕಾಲಲ್ಲಿ ಹೊಸ ಚಪ್ಪಲಿ, ಪಕ್ಕದಲ್ಲಿ ಉಬ್ಬಿಕೊಂಡ ಚೀಲ. ಹನ್ನೊಂದೂವರೆಗೆ ಬಸ್ಸು. ಕುರುಡರಿಗೂ ಗೊತ್ತಾಗುವಂತಿತ್ತು.

ನಮ್ಮವರು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಚಪ್ಪಾಳೆ ತಟ್ಟಿದರು. "ಭೇಷ್! ಬಲಗಡೆ ತೂಕವೇ ಇರ್ಲಿಲ್ಲ, ಈ ಚೀಲದಿಂದ ಬಂತು" ಎಂದು ಚೀಲವನ್ನು ಎರಡು ಗೇಣು ಬಲಕ್ಕೆ ಎಳೆದಿಟ್ಟರು. ಅದು ಯಾಕೆ ಅಲ್ಲಿದೆ ಎಂದು ಕೇಳಲಿಲ್ಲ.

ಆಮೇಲೆ ಪಾಠ. "ಕಿಟಕಿ ಸರಳು ನೆಟ್ಟಗಿದೆ, ಬೆನ್ನು ಬಾಗಿದೆ. ನೇರ ಗೆರೆ ಎಷ್ಟು ಗಡುಸೋ ಬಾಗಿದ ಗೆರೆ ಅಷ್ಟು ಸೋತ ಹಾಗೆ ಕಾಣುತ್ತೆ. ಎಲ್ಲಾ ಕಡೆ ತಣ್ಣಗಿನ ಬೂದು, ಒಂದೇ ಕಡೆ ಕೆಂಪು, ಕಿಟಕಿ ಕಟ್ಟೆ ಮೇಲಿಟ್ಟ ಆ ಲೋಟ. ಕಣ್ಣು ಮೊದ್ಲು ಅಲ್ಲಿ ನಿಲ್ಲುತ್ತೆ, ಆಮೇಲೆ ಖಾಲಿ ಗೋಡೆ ಮೇಲೆ ಅಲೆಯುತ್ತೆ. ಎಲ್ಲೂ ನಿಲ್ಲೋಕೆ ಜಾಗ ಸಿಗಲ್ಲ. ಅದೇ ಒಂಟಿತನ."

ಪಾಠ ಸುಳ್ಳಲ್ಲ, ನನಗೆ ಮೈ ಉರಿಯುವುದೇ ಅದಕ್ಕೆ. ಗೆರೆಯ ಸೋಲು ಗೊತ್ತಾಗುವ ಮನುಷ್ಯನಿಗೆ ಅಕ್ಕನ ಸೋಲು ಗೊತ್ತಾಗುವುದಿಲ್ಲ.

ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡ ಹುಡುಗಿಯೊಬ್ಬಳು ಕೇಳಿದಳು: "ಸರ್, ಅವರು ಎಲ್ಲಿಗೋ ಹೊರಟ ಹಾಗಿದೆಯಲ್ಲ?"

"ಅದು ಕಥೆ. ನಮಗೆ ಕಥೆ ಬೇಡ, ಆಕಾರ ಬೇಕು. ಕಣ್ಣು ಕಿರಿದು ಮಾಡಿ ನೋಡು."

ಗಡಿಯಾರ ಹನ್ನೊಂದು ಬಾರಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮುಖವನ್ನು ಅತ್ತಿಗೆ ನೋಡಿದರು. ನಾನು ನೆಲ ನೋಡಿದೆ. ಅವರು ಇನ್ನು ಕಾಯಲಿಲ್ಲ, ಎದ್ದು ಹೋಗಿ ಚೀಲಕ್ಕೆ ಕೈ ಹಾಕಿದರು.

"ಅಕ್ಕಾ, ಚೀಲ ಅಲ್ಲಾಡಿಸ್ಬೇಡ!" ಎಂದು ಇವರು ಕೂಗಿಕೊಂಡರು.

"ಚೀಲ ನಂದು ಕಣೋ. ಹಿಡಿಯೋ ಬಸ್ಸೂ ನಂದೇ. ಏಳು ವರ್ಷ ನನ್ನ ಬೆನ್ನೇ ನೋಡಿದೀಯಲ್ಲ, ಈಗ್ಲೂ ಅದನ್ನೇ ನೋಡು" ಎಂದು ಅತ್ತಿಗೆ ಬಾಗಿಲು ದಾಟಿದರು. ಆ ಹುಡುಗಿ ಎದ್ದು ಓಡಿಹೋಗಿ ಅವರ ಕೈಯಿಂದ ಚೀಲ ಇಸಿದುಕೊಂಡಳು. ಮಾಡಬೇಕಾಗಿದ್ದವಳು ನಾನು, ಮಾಡಿದವಳು ಯಾರೋ.

ಇವರು ಗರ ಬಡಿದವರಂತೆ ನಿಂತಿದ್ದರು. ಈಗಲಾದರೂ ಕಣ್ಣಲ್ಲಿ ಒಂದು ಹನಿ ಬಂದೀತು ಎಂದುಕೊಂಡೆ. ಇವರು ಕುರ್ಚಿಯನ್ನು ನೋಡಿ, ಕ್ಯಾನ್ವಾಸನ್ನು ನೋಡಿ, ನನ್ನ ಕಡೆ ತಿರುಗಿದರು.

"ಮೂಲೇಲಿ ಒಂದು ಆಕಾರ ಬೇಕೇ ಬೇಕು. ನೀನು ಸ್ವಲ್ಪ ಬಂದು ಕೂತ್ಕೋ."

ಏಳು ವರ್ಷ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂತು. ಉಳಿದ ಐವರೂ ನನ್ನನ್ನೇ ನೋಡುತ್ತಿದ್ದರು. ನಾನು ಕೈ ಒರೆಸಿಕೊಂಡು ಹೋಗಿ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಬೆನ್ನು ಬಾಗಿಸು ಎನ್ನಲು ಬಾಯಿ ತೆರೆದವರು ನನ್ನನ್ನು ನೋಡಿ ಸುಮ್ಮನಾದರು.

"ಅಕ್ಕನಿಗೆ ದಿನಾ ಹೇಳ್ಬೇಕಾಗಿತ್ತು. ನಿನಗೆ ಹೇಳೋದೇ ಬೇಡ ನೋಡು" ಎಂದು ಮಕ್ಕಳ ಮುಂದೆ ನನ್ನನ್ನು ಹೊಗಳಿದರು.