ಅಕ್ಕನ ಕೈಗೆ ಕೊಟ್ಟದ್ದು

"ಕೊಟ್ಟಿದ್ದಾನೋ ಇಲ್ಲವೋ, ಅಷ್ಟು ಹೇಳಮ್ಮಾ," ಎಂದರು ನ್ಯಾಯಾಧೀಶರು.

ಗದಗಿನ ಕೌಟುಂಬಿಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತ ತಿಪ್ಪವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಎಡಕ್ಕೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಮಗಳು ಮಾಯಾ, ಬಲಕ್ಕೆ ಅಳಿಯ ಹುಲಿಗೇಶ. ಅಳಿಯನೆಂದರೆ ಹೊರಗಿನವನಲ್ಲ, ತಿಪ್ಪವ್ವನ ಸ್ವಂತ ತಮ್ಮ. ಅವ್ವ ಸತ್ತಾಗ ಇನ್ನೂ ಹಾಲು ಕುಡಿಯುತ್ತಿದ್ದವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ್ದಳು. ಹೊರಗೆ ಕೊಟ್ಟರೆ ಮಗಳನ್ನು ಹೇಗೆ ನೋಡಿಕೊಳ್ಳುತ್ತಾರೋ ಏನೋ, ತಮ್ಮನಾದರೆ ನಿಶ್ಚಿಂತೆ ಎಂದು ತಾನೇ ಹಟ ಹಿಡಿದು ಮಾಡಿಸಿದ ಮದುವೆ. ಎಂಥ ನಿಶ್ಚಿಂತೆ!

ಹುಲಿಗೇಶ ಮುಂಡರಗಿಯಲ್ಲಿ ಬೇರೆ ಸಂಸಾರ ಹೂಡಿದ. ಮಾಯಾ ಕೂಸಿನೊಂದಿಗೆ ಯಳವತ್ತಿಗೆ, ಅವ್ವನ ಮನೆಗೆ ಬಂದಳು. ಟಂಟಂ ಆಟೊ ಓಡಿಸಿ ಚೆನ್ನಾಗಿಯೇ ಗಳಿಸುವವನು ಮಗಳಿಗೆ ಒಂದು ಫ್ರಾಕನ್ನೂ ಕಳಿಸಲಿಲ್ಲ. ಕೊನೆಗೆ ಮಾಯಾ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಮದುವೆಯ ಫೋಟೊ, ಕೂಸಿನ ಜನನ ಪತ್ರ, ಗಂಡನ ಗಳಿಕೆಯ ವಿವರ ಎಲ್ಲವನ್ನೂ ವಕೀಲೆ ಮಂಜುಳಾ ಜೋಡಿಸಿದರು. ಹುಲಿಗೇಶ ತಕರಾರಿನಲ್ಲಿ ಒಂದೇ ಮಾತು ಬರೆಸಿದ: ಪ್ರತಿ ತಿಂಗಳೂ ದುಡ್ಡನ್ನು ಅಕ್ಕನ ಕೈಗೆ ಕೊಡುತ್ತಿದ್ದೇನೆ. ಒಡಹುಟ್ಟಿದವರ ನಡುವೆ ಪಾವತಿ ಚೀಟಿ ಯಾರು ಕೇಳುತ್ತಾರೆ? ಹೌದೆನ್ನಲೂ ಇಲ್ಲವೆನ್ನಲೂ ಇದ್ದವಳು ತಿಪ್ಪವ್ವ ಒಬ್ಬಳೇ.

ನಿನ್ನೆ ಅವನು ಯಳವತ್ತಿಗೆ ಬಂದಿದ್ದ. ಒಳಗೆ ಕಾಲಿಡಲಿಲ್ಲ, ಕಟ್ಟೆಯ ಮೇಲೆ ಕೂತು ನೆಲ ನೋಡುತ್ತ ಹೇಳಿದ, "ಅಕ್ಕಾ, ನೀ ಇಲ್ಲಂದ್ರ ಪಂಚಮಿಗೆ ಕರಿಯಾಕ ಬರೂದಿಲ್ಲ. ನಿನಗ ತವರಮನಿ ಇಲ್ಲಂತ ತಿಳಕೋ." ಎಲ್ಲ ಬಿಟ್ಟರೂ ಪಂಚಮಿಗೆ ಅಕ್ಕನನ್ನು ಕರೆಯುವುದನ್ನು ಅವನು ಬಿಟ್ಟಿರಲಿಲ್ಲ.

ಅವನು ಹೋದ ಮೇಲೆ ಮಾಯಾ ಹೊರಗೆ ಬಂದಳು. "ಹೌದಂದ್ರ ನಾ ನಿನ್ನ ಮನ್ಯಾಗ ಇರಂಗಿಲ್ಲವ್ವಾ." ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ? ಅದು ಅವಳಿಗೂ ಗೊತ್ತಿರಲಿಲ್ಲ.

ಈಗ ಕಟಕಟೆಯಲ್ಲಿ ತಿಪ್ಪವ್ವ ಉತ್ತರ ಕೊಡಲೇಬೇಕಾಯಿತು. "ಇಲ್ರೀ," ಎಂದಳು. ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳಬೇಕೆಂದರು ನ್ಯಾಯಾಧೀಶರು. ಒಮ್ಮೆ ಹೇಳುವಷ್ಟರಲ್ಲೇ ಜೀವ ಹೋಗಿತ್ತು, ಇನ್ನೊಮ್ಮೆ ಬೇರೆ!

"ಒಂದ ಪೈಸೆನೂ ಕೊಟ್ಟಿಲ್ರೀ ನನ್ನ ತಮ್ಮ."

ಮುಂದಿನ ತಿಂಗಳಿಂದಲೇ ಕೂಸಿನ ಖರ್ಚು ಕೊಡಬೇಕೆಂದು ಮಧ್ಯಾಹ್ನ ಮಧ್ಯಂತರ ಆದೇಶವಾಯಿತು. ತಪ್ಪಿದರೆ ಮತ್ತೆ ಅರ್ಜಿ ಹಾಕಬಹುದು, ಆಗ ವಾರಂಟ್ ಹೊರಡುತ್ತದೆ ಎಂದು ಮಂಜುಳಾ ಮಾಯಾಳಿಗೆ ತಿಳಿಸಿ ಹೇಳಿದರು. ಪೊಲೀಸರೇ ಬರುತ್ತಾರೇನು ಎಂದು ತಿಪ್ಪವ್ವ ಎರಡು ಸಲ ಕೇಳಿದಳು. ಮಾಯಾ ಅವಳ ಮುಖ ನೋಡಲಿಲ್ಲ.

ಗೇಟಿನ ಹೊರಗೆ ಹುಲಿಗೇಶ ಟಂಟಂ ಚಾಲೂ ಮಾಡುತ್ತಿದ್ದ. ಬೆಳಿಗ್ಗೆಯಿಂದ ಏನೂ ತಿಂದಂತಿರಲಿಲ್ಲ, ಮುಖ ಬಾಡಿತ್ತು.

"ತಮ್ಮಾ, ಉಂಡಿಯೇನೋ?" ಎಂದಳು ತಿಪ್ಪವ್ವ.

ಅವನು ತಿರುಗಿ ನೋಡಲಿಲ್ಲ. ಗಾಡಿ ಬಸ್‌ಸ್ಟ್ಯಾಂಡಿನ ಕಡೆ ಹೊರಳಿತು. ತಿಪ್ಪವ್ವ ಅಲ್ಲೇ ಬೇವಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಳು. ಕೂಸಿಗೊಂದು ತುಣುಕು ಮುರಿದು ಕೊಡಲು ಬಗ್ಗಿದ ಮಾಯಾ ರೊಟ್ಟಿಗಳ ಕಡೆ ನೋಡಿದಳು. ಕೂಸೂ ಸೇರಿ ಇದ್ದದ್ದು ಮೂವರು, ಅವ್ವ ನಾಲ್ವರಿಗೆ ಕಟ್ಟಿದ್ದಳು.