ಹಿಮ್ಮಡಿಯ ಕುಳಿ

ಹಗ್ಗ ಜಗ್ಗಾಟ ಮುಗಿದ ಮೇಲೆ ಮೈದಾನದಲ್ಲಿ ಉಳಿಯುತ್ತಿದ್ದುದು ಹಿಮ್ಮಡಿ ಊರಿದ ಕುಳಿಗಳು ಮಾತ್ರ. ನಮ್ಮ ಸಾಹೇಬರು ಬೆತ್ತ ಇಳಿಸಿ ಅವುಗಳ ಆಳ ನೋಡುತ್ತಿದ್ದರು. ಕುಳಿ ಆಳವಿಲ್ಲದವನಿಗೆ ಅಂದು ಬೈಗುಳವೇ ಊಟ.

ಸಾಹೇಬರ ಹೆಸರು ಡನೋವನ್. ಐರ್ಲೆಂಡಿನವರು. ತಮ್ಮ ದೇಶದ ಪೊಲೀಸ್ ತಂಡದಲ್ಲಿ ಹಗ್ಗದ ಕೊನೆಯ ಆಳಾಗಿ ನಿಂತು ಬೆಳ್ಳಿ ಬಟ್ಟಲು ಗೆದ್ದಿದ್ದರಂತೆ. ನಮ್ಮೂರಿಗೆ ಇನ್‌ಸ್ಪೆಕ್ಟರಾಗಿ ಬಂದವರು ಕಾನ್‌ಸ್ಟೇಬಲ್ಲಾಗಿದ್ದ ನನ್ನನ್ನೂ ಹಗ್ಗದ ಕೊನೆಗೇ ನಿಲ್ಲಿಸಿದರು. "ಮುಖ ನೋಡಬೇಡ. ಕಾಲು ನೋಡು," ಎನ್ನುತ್ತಿದ್ದರು ತಮ್ಮ ಮುರುಕು ಕನ್ನಡದಲ್ಲಿ. "ಮುಖ ನೋಡಿದರೆ ಕೈ ಸಡಿಲ."

ಆ ವರ್ಷ ನಮ್ಮೆದುರು ಜಗ್ಗಿದ್ದು ಮಿಲ್ಲಿನ ತಂಡ. ಅದರ ಕೊನೆಯ ಆಳು ನನ್ನ ಅಣ್ಣ ಓಬಯ್ಯ. ಅವನ ಎಡಗಾಲಿನ ಹೆಬ್ಬೆರಳು ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ಅರ್ಧ ಹೋಗಿತ್ತು. ಆ ಮೊಂಡು ಬೆರಳನ್ನೇ ನೋಡುತ್ತ ಎಳೆದೆ. ಗೆದ್ದೆವು. "ಅಮ್ಮ ನಿಂಗೇ ದೊಡ್ಡ ಮುದ್ದೆ ಹಾಕ್ತಾಳೆ ಕಣೋ, ಕಳ್ಳ!" ಎಂದು ಅಣ್ಣ ಬೆನ್ನಿಗೆ ಗುದ್ದಿದ.

ಎಂಟು ದಿನಕ್ಕೆ ಮಿಲ್ಲಿನಲ್ಲಿ ಮುಷ್ಕರ ಶುರುವಾಯಿತು. ಬೆಳಿಗ್ಗೆ ನಾನು ಬೆಲ್ಟು ಕಟ್ಟುತ್ತಿದ್ದಾಗ ಅಣ್ಣ ಕೇಳಿದ:

"ನನ್ನ ಮೇಲೂ ಕೈ ಮಾಡ್ತೀಯೇನೋ?"

"ಏನಣ್ಣ, ಹಂಗಂತೀಯ! ನಿನ್ನ ಕಂಡ್ರೆ ಪಕ್ಕಕ್ಕೆ ಸರೀತೀನಿ."

ಮಿಲ್ಲಿನ ಗೇಟಿನ ಮುಂದೆ ಲಾಠಿ ಚಾರ್ಜಿನ ಹುಕುಂ ಬಂತು. ಅಭ್ಯಾಸಬಲದಿಂದ ನನ್ನ ತಲೆ ತಗ್ಗಿತು. ಕಾಲುಗಳಷ್ಟೇ ಕಂಡವು. ಒಂದು ಜೋಡಿ ಬಿಟ್ಟು ಉಳಿದವೆಲ್ಲ ಓಡಿದವು. ಅದು ಹಿಮ್ಮಡಿ ಊರಿ ನಿಂತಿತ್ತು. ಎಡಗಾಲಿನ ಮೊಂಡು ಬೆರಳನ್ನು ಕಂಡೆ. ಸರಿಯಬಹುದಿತ್ತು. ಹಿಂದಿನಿಂದ ಸಾಹೇಬರ ಸೀಟಿ ಕೇಳುತ್ತಿತ್ತು. ಮುಖ ನೋಡದೆ ಲಾಠಿ ಬೀಸಿದೆ.

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಮಾರನೆಯ ದಿನ ಸಾಹೇಬರ ಮೇಜಿನ ಮೇಲೆ ಬೆಲ್ಟು ಬಿಚ್ಚಿಟ್ಟು, "ನಾನು ಹೊಡೆದದ್ದು ನನ್ನ ಅಣ್ಣನಿಗೆ, ಸಾರ್," ಎಂದೆ.

ಅವರು ಬೆಲ್ಟನ್ನೇ ನೋಡಿದರು. "ನಾನು ಹೊಡೆದದ್ದು ತಮ್ಮನಿಗೆ," ಎಂದರು. "ಐರ್ಲೆಂಡಿನಲ್ಲಿ, ನಮ್ಮೂರ ಸಂತೆಬೀದಿಯಲ್ಲಿ. ನಾನೂ ಮುಖ ನೋಡಲಿಲ್ಲ." ಆಮೇಲೆ ಬೆಲ್ಟನ್ನು ನನ್ನ ಕಡೆಗೇ ತಳ್ಳಿದರು. ಥೂ, ನನ್ನ ಜನ್ಮಕ್ಕಿಷ್ಟು! ಮತ್ತೆ ಕಟ್ಟಿಕೊಂಡೆ.

ಅಣ್ಣನ ಬಲಗೈ ಆಮೇಲೆ ಮೇಲೇಳಲಿಲ್ಲ. ಮಿಲ್ಲಿನವರು ಕೆಲಸದಿಂದ ತೆಗೆದರು. ಹೊಡೆದವನು ಯಾರೆಂದು ಅವನು ಅಮ್ಮನಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಜಗುಲಿಯ ಅಂಚಿನಲ್ಲಿ ಕೂತು, ಎಡಗೈಯಲ್ಲಿ ಮುದ್ದೆ ಮುರಿಯುತ್ತ ಕೇಳಿದ:

"ನಾನೇ ಅಂತ ಗೊತ್ತಿತ್ತೇನೋ?"

"ದೇವರಾಣೆ ಗೊತ್ತಿರ್ಲಿಲ್ಲ ಕಣಣ್ಣ."

"ನನ್ನ ಮುಖ ನೋಡಿ ಹೇಳು."

ನಾನು ಅವನ ಪಾದಗಳನ್ನು ನೋಡುತ್ತಿದ್ದೆ. ಅಂಗಳದ ಹಸಿಮಣ್ಣಿನಲ್ಲಿ ಅವನ ಹಿಮ್ಮಡಿ ಮೆಲ್ಲಗೆ ಊರಿಕೊಳ್ಳುತ್ತಿತ್ತು.