ಖಾಲಿ ಅಲ್ಲದ ಸಾಲು

ಬೆಳಿಗ್ಗೆ ರೊಟ್ಟಿಯನ್ನು ಎಣ್ಣೆಗೆ ಅದ್ದುವ ಹೊತ್ತಿಗೆ ಸರಿಯಾಗಿ ಶೆದ್ಲಿಯವರ ಫೋನ್ ಬಂತು.

"ನಝೀಹಾ, ನನ್ನ ಪ್ರೋಗ್ರಾಮ್ ಬಾಯಿ ಬಿಡ್ತಿಲ್ಲ. ಬೇಗ ಬಾ."

ಹೇಗಿದ್ದೀಯ ಅಂತಲೂ ಕೇಳಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ರೊಟ್ಟಿ ಬಿಟ್ಟು, ಬಿಳಿ ಕೋಲು ಹಿಡಿದು ಹೊರಟೆ. ಅಂಧರ ಶಾಲೆಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರೇ, ಅವರೂ ನನ್ನ ಹಾಗೆ ಹುಟ್ಟುಕುರುಡರು. ಅವರು ಕರೆದರೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮೂರು ಸ್ಫಾಕ್ಸಿನ ಬಂದರಿನ ಹಡಗು ಕಂಪನಿಯೊಂದಕ್ಕೆ ಸರಕಿನ ಪಟ್ಟಿ ತಯಾರಿಸುವ ಪ್ರೋಗ್ರಾಮ್ ಅದು. ಮಧ್ಯಾಹ್ನದೊಳಗೆ ಪಟ್ಟಿ ಕೈಸೇರದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಆಗ ಶೆದ್ಲಿ ಮತ್ತೆ ಸರ್ಕಾರಿ ಕಚೇರಿಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು "ಯಾರು ಬೇಕಿತ್ತು, ಲೈನಲ್ಲಿರಿ" ಅನ್ನುತ್ತಾ ಉಳಿದ ಕಾಲ ಕಳೆಯಬೇಕು. ಕುರುಡರೆಂದರೆ ಟೆಲಿಫೋನ್ ಬೋರ್ಡು, ಇಲ್ಲಿ ಎಲ್ಲರ ತಲೆಯಲ್ಲೂ ಅಷ್ಟೇ ಇರುವುದು. ಅಲ್ಲಿಂದ ತಪ್ಪಿಸಿಕೊಂಡು ಬರಲು ಅವರು ಪಟ್ಟ ಪಾಡನ್ನು ನಾನು ಬಲ್ಲೆ. ಟ್ಯಾಕ್ಸಿ ಹತ್ತಿ, ಬೇಗ ಹೋಗಪ್ಪ ಎಂದು ಡ್ರೈವರನ್ನು ಅವಸರಪಡಿಸಿದೆ.

ಬಾಗಿಲು ತೆರೆದವರು ಅವರ ಹೆಂಡತಿ ರತೀಬಾ. ಅವರಿಗೆ ಕಣ್ಣು ಕಾಣುತ್ತದೆ.

"ಬಂದ್ಯಾ ತಾಯಿ. ನಿನ್ನೆಯಿಂದ ಇವ್ರ ಸಂಸಾರ ಮೇಜಿನ ಕೆಳಗೇ. ಊಟಕ್ಕೆ ಕೂಗಿ ಕೂಗಿ ಗಂಟಲು ಹೋಯ್ತು, ಓ ಅನ್ನಲ್ಲ. ಅಷ್ಟು ಕೊಬ್ಬು."

"ಪರದೆ ಮೇಲೇನಿದೆ ಅಂತ ನೀವೇ ನೋಡಿ ಹೇಳ್ಬಹುದಿತ್ತಲ್ಲ, ಲಲ್ಲಾ ರತೀಬಾ," ಅಂದೆ. ನಮ್ಮಲ್ಲಿ ಗೌರವಕ್ಕೆ ಹೆಂಗಸರಿಗೆ ಲಲ್ಲಾ, ಗಂಡಸರಿಗೆ ಸಿ ಅನ್ನುತ್ತೇವೆ.

"ಎಲ್ಲಿಯ ಪರದೆ? ಸುಮ್ನೆ ಜಾಗ ತಿನ್ನತ್ತೆ ಅಂತ ಯಾರಿಗೋ ಕೊಟ್ಟುಬಿಟ್ರು. ಇನ್ನು ಆ ಯಂತ್ರ ಫ್ರೆಂಚಲ್ಲಿ ಬಡಬಡ ಅನ್ನೋದು ದೇವರಿಗೇ ಅರ್ಥ ಆಗ್ಬೇಕು."

ಕೋಣೆಯಲ್ಲಿ ಸೆಕೆ, ಬಿಸಿಯಾದ ತಂತಿಗಳ ವಾಸನೆ. ಶೆದ್ಲಿ ಮೇಜಿನ ಕೆಳಗಿಂದ ಎದ್ದು ಬಂದು ನನ್ನ ಭುಜ ಹಿಡಿದು ಕುರ್ಚಿಗೆ ಕೂರಿಸಿದರು.

"ಕೇಬಲ್ ಬದಲಾಯಿಸ್ದೆ. ಸ್ಪೀಕರ್ ಬದಲಾಯಿಸ್ದೆ. ಪ್ರೋಗ್ರಾಮ್ ಶುರುವಾಗತ್ತೆ, ಒಂದು ಸಾಲು ಹೇಳತ್ತೆ, ಆಮೇಲೆ ಸತ್ತೇಹೋಗತ್ತೆ."

"ಎಡಿಟರಲ್ಲಿ ಕೊನೇ ಸಾಲಿಗೆ ಹೋಗಿ ಓದಿಸಿದ್ರಾ?"

"ನನಗೇ ಪಾಠ ಹೇಳ್ತೀಯಾ? ಓದಿಸ್ದೆ. ಖಾಲಿ ಸಾಲಾದ್ರೆ 'ಖಾಲಿ' ಅನ್ಬೇಕು ತಾನೇ? ಅದನ್ನೂ ಅನ್ನಲ್ಲ."

ಎಡಿಟರ್ ಅಂದರೆ ಕಂಪ್ಯೂಟರಿನಲ್ಲಿ ನಮ್ಮ ಬರೆಯುವ ಹಾಳೆ, ಬರೆಯುವುದೂ ಅಲ್ಲೇ, ಕಮಾಂಡ್ ಕೊಡುವುದೂ ಅಲ್ಲೇ. ಪ್ರೋಗ್ರಾಮ್ ಏನೇ ಉತ್ತರ ಕೊಟ್ಟರೂ ಎಡಿಟರ್ ಅದನ್ನು ಗಟ್ಟಿಯಾಗಿ ಓದುತ್ತದೆ. ಸಾಧಾರಣ ಸಾಲುಗಳಿಗೆ ದಪ್ಪ ಗಂಡುದನಿ, ತಪ್ಪು ತೋರಿಸುವ ಸಾಲುಗಳಿಗೆ ತೆಳ್ಳಗಿನ ಕೀರಲು ದನಿ. ತಪ್ಪು ಥಟ್ಟನೆ ಗೊತ್ತಾಗಲಿ ಎಂದು ಈ ಏರ್ಪಾಡು ಮಾಡಿಕೊಟ್ಟವರು ಶೆದ್ಲಿಯೇ. ನಾವೆಲ್ಲ ಅದನ್ನೇ ನಕಲು ಮಾಡಿಕೊಂಡಿದ್ದೆವು.

ಅವರು ಕಮಾಂಡ್ ಒತ್ತಿದರು. ದಪ್ಪ ದನಿ "ಸರಕಿನ ಫೈಲು ಓದಲಾಗುತ್ತಿದೆ" ಅಂದಿತು. ಹಿಂದೆಯೇ ತೆಳ್ಳಗಿನ ದನಿ ಸ್ಪಷ್ಟವಾಗಿ ಹೇಳಿತು: "ಫೈಲು ತೆರೆಯಲು ಅನುಮತಿ ಇಲ್ಲ."

"ಕೇಳಿದ್ಯಾ?" ಅಂದರು ಶೆದ್ಲಿ. "ಏನೂ ಇಲ್ಲ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನನ್ನ ತಿಂಡಿ ತಪ್ಪಿಸಿ ಇದೆಂಥ ತಮಾಷೆ ಎಂದು ರೇಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮತ್ತೆ ಒತ್ತಿದರು. ತೆಳ್ಳಗಿನ ದನಿ ಇನ್ನೂ ಹೇಳುತ್ತಿರುವಾಗಲೇ, ಅದರ ಮೇಲೆಯೇ, "ನೋಡು, ಮತ್ತೆ ಸತ್ತುಹೋಯ್ತು" ಅಂದರು. ತಮಾಷೆಯಲ್ಲ, ಆ ದನಿ ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ಕೀಲಿಮಣೆ ನನ್ನ ಕಡೆ ಎಳೆದುಕೊಂಡು ಫೈಲಿಗೆ ಅನುಮತಿ ಕೊಟ್ಟೆ. ಪ್ರೋಗ್ರಾಮ್ ಗಡಗಡ ಓಡಿತು. ದಪ್ಪ ದನಿ ಎಲ್ಲವನ್ನೂ ಓದಿ ಮುಗಿಸಿತು. ಪಟ್ಟಿಯನ್ನು ಕಂಪನಿಗೆ ಕಳಿಸಿಯೂ ಆಯಿತು. ಶೆದ್ಲಿ ನನ್ನ ಬೆನ್ನು ತಟ್ಟಿ ನಕ್ಕರು.

"ಭೇಷ್. ಏನಾಗಿತ್ತು?"

"ಅನುಮತಿ ಇರ್ಲಿಲ್ಲ."

"ಹಾಗಂತ ಅದು ಹೇಳ್ಬೇಕಿತ್ತಲ್ಲ?"

ಎದ್ದು ಓಡಿಹೋಗಬೇಕು ಅನ್ನಿಸಿತು. ಆ ದನಿಯನ್ನು ಗುಟ್ಟಾಗಿ ದಪ್ಪ ಮಾಡಿಟ್ಟು, ಯಾವುದೋ ಸೆಟ್ಟಿಂಗ್ ಕೆಟ್ಟಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಇನ್ನೊಂದು ತಪ್ಪು ಬರುತ್ತದೆ, ನಾಡಿದ್ದು ದಪ್ಪ ದನಿಯೂ ಅವರಿಗೆ ಕೇಳಿಸದೆ ಹೋಗಬಹುದು. ಟೆಲಿಫೋನ್ ಬೋರ್ಡಿಗೆ ವಾಪಸ್ ಹೋಗುತ್ತೇನೆಂದರೂ ಆಗ ಅದೂ ಇರುವುದಿಲ್ಲ.

"ಹೇಳ್ತು, ಸಿ ಶೆದ್ಲಿ," ಅಂದೆ. "ಎರಡು ಸಲಾನೂ ಹೇಳ್ತು."

ಅವರು ತಮ್ಮ ಕುರ್ಚಿಯನ್ನು ಹಿಂದೆ ತಳ್ಳಿದರು, ಮತ್ತೆ ಮುಂದೆ ಎಳೆದುಕೊಂಡರು. ರತೀಬಾ ಕಾಫಿ ತಂದು ಏನೋ ಹೇಳಿ ಹೋದರು. ಆ ತೆಳು ದನಿಯೂ ಶೆದ್ಲಿಗೆ ಕೇಳಿಸಿದಂತಿರಲಿಲ್ಲ.

"ನಿನ್ನ ಈ ದಪ್ಪ ಕತ್ತೆ ಗಂಟಲು ಮಾತ್ರ ಕೇಳತ್ತೆ," ಅಂದರು ಕೊನೆಗೆ. ಆಮೇಲೆ ತರಗತಿಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದರು: "ಸರಿ. ಎಲ್ಲಿ ಕೆಟ್ಟಿದೆ ಅಂತ ಮೊದ್ಲು ಹುಡುಕ್ಬೇಕು. ತಪ್ಪಿನ ದನೀನ ಪೂರ್ತಿ ಕೆಳಗಿಳಿಸಿ ದಪ್ಪ ಮಾಡು. ಆ ಹಳೇ ತಪ್ಪಿನ ಸಾಲನ್ನೇ ಓದಿಸ್ತಾ ಒಂದೊಂದೇ ಮೆಟ್ಟಿಲು ತೆಳ್ಳಗೆ ಏರಿಸು. ಕೇಳ್ಸಿದ್ರೆ ನಾನು 'ಇದೆ' ಅಂತೀನಿ."

ಕೆಳಗಿಳಿಸಿದೆ. ಒತ್ತಿದೆ. ಅನುಮತಿ ಇಲ್ಲ, ಅಂದಿತು ಯಂತ್ರ.

"ಇದೆ."

ಏರಿಸಿದೆ.

"ಇದೆ."

ಇನ್ನೊಂದು.

"ಇದೆ. ನಡೀಲಿ."

ಮತ್ತೆ ಏರಿಸಿದೆ. ಯಂತ್ರ ಹೇಳಿತು. ನಾನು ಕಾದೆ. ಅದೇ ಸಾಲನ್ನು ಇನ್ನೊಮ್ಮೆ ಓದಿಸಿದೆ. ದನಿ ಕೋಣೆಯ ತುಂಬ ಕೇಳಿಸುತ್ತಿತ್ತು.

ಶೆದ್ಲಿ ನನ್ನ ಕಡೆ ಬಾಗಿದರು.

"ಒತ್ತು ಮಗಳೇ," ಅಂದರು. "ಯಾಕೆ ನಿಲ್ಲಿಸ್ಬಿಟ್ಟೆ?"